ಹೂಗಿಡದ ಮೊದಲ ತಿಂಗಳು

ದಸರೆಯ ಹೊತ್ತಿಗೆ ಮನೆಯಂಗಳದಲ್ಲಿ ಚೆಂಡುಹೂವು ತುಂಬಿರಬೇಕೆಂದರೆ ಆಷಾಢದಲ್ಲೇ ಬೀಜ ಮಣ್ಣು ಸೇರಬೇಕು. ಬಿತ್ತಿದ ಸಸಿ ನಾಟಿಗೆ ಬರಲು ಮೂರು ನಾಲ್ಕು ವಾರ ಹಿಡಿಯುತ್ತದೆ, ನಾಟಿಯಾದ ಮೇಲೆ ಗಿಡ ಮೈತುಂಬ ಹೂ ಬಿಡಲು ಸುಮಾರು ಎರಡು ತಿಂಗಳು. ಹೂತೋಟದ ಮಾತು ಬಂದಾಗ ನಾವು ಚರ್ಚಿಸುವುದೆಲ್ಲ ಆ ಕೊನೆಯ ಎರಡು ತಿಂಗಳ ಬಗ್ಗೆ: ಯಾವ ಗೊಬ್ಬರ, ಎಷ್ಟು ಬಿಸಿಲು, ಕುಡಿ ಯಾವಾಗ ಚಿವುಟಬೇಕು ಎಂದು. ಗಿಡ ಉಳಿಯುತ್ತದೋ ಇಲ್ಲವೋ ಎಂಬುದು ಮಾತ್ರ ಮೊದಲ ತಿಂಗಳಲ್ಲೇ ತೀರ್ಮಾನವಾಗಿರುತ್ತದೆ. ಚೆಂಡುಹೂವು, ಆಸ್ಟರ್, ಜಿನಿಯಾ, ಕರ್ಣಕುಂಡಲ, ಕಾಸ್ಮೋಸ್, ಯಾವುದನ್ನೇ ಬಿತ್ತಿ, ಹುಳುಹುಪ್ಪಟೆಗಳ ಪಾಲಿಗೆ ಅದರಷ್ಟು ಮೆತ್ತನೆಯ ಊಟ ಬೇರೆ ಸಿಗುವುದಿಲ್ಲ.

ಬಲಿತ ಗಿಡದ ಹತ್ತು ಎಲೆಗಳನ್ನು ಮಿಡತೆ ತಿಂದು ಹೋದರೂ ಗಿಡ ಸುಧಾರಿಸಿಕೊಳ್ಳುತ್ತದೆ. ಎರಡು ಬೀಜದೆಲೆ, ಎರಡು ನಿಜದೆಲೆ ಹೊತ್ತು ನಿಂತ ಸಸಿಗೆ ಒಂದೇ ಒಂದು ಎಲೆ ಹೋದರೂ ಅಡುಗೆಮನೆಯ ಕಾಲುಭಾಗ ಕುಸಿದಂತೆ. ಕಾಂಡದಲ್ಲಿ ನಾರು ಇನ್ನೂ ಗಟ್ಟಿಯಾಗಿರುವುದಿಲ್ಲ, ಸುಳಿ ಇರುವುದು ಒಂದೇ. ಬೀಜದೆಲೆಗಿಂತ ಮೇಲೆ ತುಂಡಾದ ಸಸಿ ಎಲೆಯ ಕಂಕುಳಿನಿಂದ ಚಿಗುರಬಹುದು, ಅದಕ್ಕಿಂತ ಕೆಳಗೆ ತುಂಡಾದರೆ ಮತ್ತೆ ಏಳುವುದಿಲ್ಲ.

‘ಚೆಂಡುಹೂವು ಹಾಕಿದರೆ ತೋಟಕ್ಕೆ ಹುಳ ಬರುವುದಿಲ್ಲ’ ಎಂಬ ಮಾತನ್ನು ಬಹಳ ಜನ ನಂಬಿದ್ದಾರೆ. ಇದು ಅರ್ಧ ಸತ್ಯ, ಅದೂ ಮಣ್ಣಿನೊಳಗಿನ ಸತ್ಯ. ಚೆಂಡುಹೂವಿನ ಬೇರಿನಲ್ಲಿರುವ ಆಲ್ಫಾ ಟರ್ಥೈನೈಲ್ ಎಂಬ ರಾಸಾಯನಿಕ ಬೇರುಗಂಟು ಮಾಡುವ ಜಂತುಹುಳುಗಳನ್ನು ಹತ್ತಿಕ್ಕುತ್ತದೆ. ನೆಲದ ಮೇಲಿನ ಕಥೆಯೇ ಬೇರೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಟೊಮೆಟೊ ಬೆಳೆಗಾರರಿಗೆ ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂವು ನೆಡಲು ಹೇಳಿಕೊಟ್ಟಿತು. ಟೊಮೆಟೊ ಸಸಿಗೆ 25 ದಿನ, ಚೆಂಡುಹೂವಿನ ಸಸಿಗೆ 45 ದಿನ ವಯಸ್ಸಾಗಿರಬೇಕು, ಎರಡೂ ಒಟ್ಟಿಗೆ ಹೂವಿಗೆ ಬರಲಿ ಎಂದು. ಕಾಯಿಕೊರಕದ ಪತಂಗ ಟೊಮೆಟೊ ಬಿಟ್ಟು ಚೆಂಡುಹೂವಿನ ಮೇಲೆ ಮೊಟ್ಟೆಯಿಡಲಿ ಎಂಬುದು ಇದರ ಉದ್ದೇಶ. ಅಂದರೆ ಚೆಂಡುಹೂವು ಆ ಪತಂಗವನ್ನು ಓಡಿಸುವುದಿಲ್ಲ, ಕರೆಯುತ್ತದೆ. ಬೇರೆ ಬೆಳೆಯ ಕಾವಲಿಗೆ ನೆಡುವ ಗಿಡಕ್ಕೂ ಎಳವೆಯಲ್ಲಿ ಕಾವಲು ಬೇಕೇ ಬೇಕು.

ಕಾವಲೆಂದರೆ ಅಂಗಡಿಯಿಂದ ತಂದ ಬಾಟಲಿಯಲ್ಲ. ಮೊದಲು ಬೇಕಾದ್ದು ಗಾಯವನ್ನು ಓದುವ ಕಣ್ಣು. ಪ್ರತಿಯೊಂದು ಕೀಟವೂ ಸಸಿಯ ಮೇಲೆ ತನ್ನದೇ ಗುರುತು ಬಿಟ್ಟು ಹೋಗುತ್ತದೆ. ಆ ಗುರುತು ತಿಳಿಯದೆ ಸಿಂಪಡಿಸಿದ ಔಷಧಿ ಬಹುಪಾಲು ತಪ್ಪು ವಿಳಾಸಕ್ಕೆ ಹೋಗುತ್ತದೆ.

ಸಂಜೆ ನೆಟ್ಟಗಿದ್ದ ಸಸಿ ಬೆಳಗಿನ ಹೊತ್ತಿಗೆ ನೆಲಮಟ್ಟದಲ್ಲಿ ಕತ್ತರಿಸಿ ಬಿದ್ದಿದೆ, ಎಲೆಗಳು ಹಸಿರಾಗಿಯೇ ಇವೆ, ತಿಂದಿರುವುದು ಕಡಿಮೆ, ಕಡಿದಿರುವುದೇ ಹೆಚ್ಚು. ಹಾಗಿದ್ದರೆ ಅದು ಕತ್ತರಿಹುಳುವಿನ ಕೆಲಸ. ಬೂದು ಮಿಶ್ರಿತ ಕಪ್ಪು ಬಣ್ಣದ, ಎಣ್ಣೆ ಸವರಿದಂಥ ಮೈಯ ಈ ಹುಳು ಬೆಳೆದಾಗ ನಾಲ್ಕೈದು ಸೆಂಟಿಮೀಟರ್ ಉದ್ದವಿರುತ್ತದೆ. ಹಗಲೆಲ್ಲ ಮಣ್ಣಿನೊಳಗೆ ಮಲಗಿ ಕತ್ತಲಾದ ಮೇಲೆ ಹೊರಬರುತ್ತದೆ, ಒಂದೇ ರಾತ್ರಿಯಲ್ಲಿ ಹಲವು ಸಸಿಗಳನ್ನು ಕಡಿದು ಹಾಕುತ್ತದೆ. ನಮ್ಮ ಅದೃಷ್ಟಕ್ಕೆ ಅದು ದೂರ ಹೋಗುವುದಿಲ್ಲ. ಬಿದ್ದ ಸಸಿಯ ಬುಡದ ಸುತ್ತ ಬೆರಳಿನಿಂದ ಎರಡು ಮೂರು ಅಂಗುಲ ಮಣ್ಣು ಕೆದಕಿದರೆ ಸುರುಳಿ ಸುತ್ತಿಕೊಂಡು ಮಲಗಿದ ಹುಳು ಸಿಗುತ್ತದೆ. ಹತ್ತು ಕುಂಡಗಳ ತೋಟದಲ್ಲಿ ಇದಕ್ಕಿಂತ ಖಚಿತವಾದ ಚಿಕಿತ್ಸೆ ಇಲ್ಲ. ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ಒಂದು ಸುತ್ತು ಹಾಕಿದರೂ ಕಳ್ಳ ಕೈಗೆ ಸಿಗುತ್ತಾನೆ.

ಈ ಹುಳುವಿನ ತಾಯಿ ಪತಂಗ ಮೊಟ್ಟೆಯಿಡುವುದು ನಿಮ್ಮ ಸಸಿ ಬರುವ ಮೊದಲೇ, ಪಾತಿಯಲ್ಲಿ ಬೆಳೆದ ಕಳೆಗಳ ಮೇಲೆ. ನಾಟಿಯ ದಿನ ಕಳೆ ಕಿತ್ತು ಅದೇ ದಿನ ಸಸಿ ನೆಟ್ಟರೆ, ಹಸಿದ ಹುಳುಗಳಿಗೆ ಹಳೆಯ ಊಟ ಕಸಿದು ಹೊಸ ಊಟ ಬಡಿಸಿದಂತಾಗುತ್ತದೆ. ಆದ್ದರಿಂದ ಪಾತಿಯನ್ನು ಎರಡು ಮೂರು ವಾರ ಮೊದಲೇ ಅಗೆದು, ಕಳೆ ತೆಗೆದು, ಬರಿದಾಗಿ ಬಿಡಬೇಕು. ಹೊಲದಲ್ಲಿ ಮಾಗಿ ಉಳುಮೆ ಮಾಡುವುದಕ್ಕೆ ಇದೂ ಒಂದು ಕಾರಣ: ಮಣ್ಣಿನಡಿಯ ಕೋಶಗಳು ಮೇಲೆ ಬಂದು ಬಿಸಿಲಿಗೆ ಒಣಗುತ್ತವೆ, ಇಲ್ಲವೇ ಮೈನಾ, ಬೆಳ್ಳಕ್ಕಿಗಳ ಪಾಲಾಗುತ್ತವೆ. ನೆಟ್ಟ ಮೇಲಿನ ರಕ್ಷಣೆ ಇನ್ನೂ ಸುಲಭ. ಸಸಿಯ ಸುತ್ತ ಒಂದು ಬಳೆ ಇಟ್ಟರೆ ಸಾಕು. ತಳ ಕತ್ತರಿಸಿದ ಕಾಗದದ ಲೋಟ, ಅಡಿಕೆ ಹಾಳೆಯ ತುಂಡು, ಒಣಗಿದ ಬಾಳೆಪಟ್ಟೆ, ಯಾವುದಾದರೂ ಆದೀತು. ಒಂದು ಅಂಗುಲ ಮಣ್ಣಿನೊಳಗೆ, ಎರಡು ಅಂಗುಲ ಮೇಲೆ ಇರಲಿ. ಕಾಂಡವನ್ನು ಬಳಸಿ ಕಡಿಯುವ ಹುಳುವಿಗೆ ಕಾಂಡವೇ ಸಿಗಬಾರದು. ಮೂರು ವಾರದಲ್ಲಿ ಕಾಂಡ ಬಲಿತ ಮೇಲೆ ಬಳೆಯ ಅಗತ್ಯ ಇರುವುದಿಲ್ಲ.

ಸಸಿ ಬಿದ್ದಿದ್ದು ಹೌದು, ಆದರೆ ಕಡಿದ ಗುರುತಿಲ್ಲ, ಬುಡ ನೀರು ಕುಡಿದಂತೆ ಮೆತ್ತಗಾಗಿ ದಾರದಷ್ಟು ಸಣ್ಣಗಾಗಿದೆ. ಇದು ಹುಳುವಲ್ಲ, ಶಿಲೀಂಧ್ರದಿಂದ ಬರುವ ಸಸಿ ಕೊಳೆರೋಗ. ಒತ್ತಾಗಿ ಬಿತ್ತಿದ್ದು, ಅತಿಯಾಗಿ ನೀರು ಹಾಕಿದ್ದು ಇದಕ್ಕೆ ಕಾರಣ. ಇದಕ್ಕೆ ಕೀಟನಾಶಕ ಹೊಡೆಯುವವರನ್ನು ನೋಡಿದರೆ ಸಂಕಟವಾಗುತ್ತದೆ, ಹಣವೂ ಹೋಯಿತು, ಸಸಿಯೂ ಹೋಯಿತು. ಎಲೆಯಲ್ಲಿ ದೊಡ್ಡ ತೂತುಗಳಿದ್ದು ಕುಂಡದ ಅಂಚಿನಲ್ಲಿ ಒಣಗಿದ ಲೋಳೆಯ ಹೊಳಪು ಕಂಡರೆ ಅದು ಬಸವನಹುಳು, ಕೀಟದ ಜಾತಿಯೇ ಅಲ್ಲ. 1847ರಲ್ಲಿ ಕಲ್ಕತ್ತೆಗೆ ಬಂದ ಆಫ್ರಿಕಾದ ದೈತ್ಯ ಬಸವನಹುಳು ಇಂದು ನಮ್ಮ ಊರುಗಳ ತೋಟಗಳಲ್ಲೂ ಇದೆ. ಮಳೆಗಾಲದ ಸಂಜೆ ಕೈಗವಸು ಹಾಕಿ ಆರಿಸಿ ಉಪ್ಪುನೀರಿಗೆ ಹಾಕುವುದೇ ದಾರಿ.

ಎಲೆಯ ಮೇಲೆ ಯಾರೋ ಬಿಳಿ ಶಾಯಿಯಲ್ಲಿ ಅಂಕುಡೊಂಕು ಗೆರೆ ಎಳೆದಿದ್ದರೆ ಅದು ಎಲೆ ಸುರಂಗ ಹುಳು. ಇದರ ಕಥೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇದು ಹೂವಿನ ಜೊತೆಗೇ ಪ್ರಪಂಚ ಸುತ್ತಿದ ಕೀಟ. ಲಿರಿಯೊಮೈಜಾ ಟ್ರೈಫೋಲಿ ಎಂಬ ಈ ಪುಟ್ಟ ನೊಣದ ಮೂಲ ಅಮೆರಿಕ ಖಂಡ. 1976ರಲ್ಲಿ ಫ್ಲೋರಿಡಾದಿಂದ ಕೆನ್ಯಾಗೆ ಹೋದ ಸೇವಂತಿಗೆಯ ಕಡ್ಡಿಗಳೊಳಗೆ ಅಡಗಿ ಆಫ್ರಿಕಾ ತಲುಪಿತು, ಅಲಂಕಾರಿಕ ಸಸ್ಯಗಳ ವ್ಯಾಪಾರದ ಬೆನ್ನೇರಿ ಯುರೋಪಿಗೂ ಹೋಯಿತು. 1990ರ ದಶಕದ ಆರಂಭದಲ್ಲಿ ಭಾರತದಲ್ಲಿ ಕಾಣಿಸಿಕೊಂಡು ಕೆಲವೇ ವರ್ಷಗಳಲ್ಲಿ ಟೊಮೆಟೊ, ಸೌತೆ, ಹರಳು, ಸೇವಂತಿಗೆ, ಆಸ್ಟರ್ ಎಲ್ಲವನ್ನೂ ಹಿಡಿಯಿತು. ಹೆಣ್ಣು ನೊಣ ಎಲೆಯ ಮೇಲ್ಪದರವನ್ನು ಚುಚ್ಚಿ ಮೊಟ್ಟೆಯಿಡುತ್ತದೆ. ಮರಿಹುಳು ಎಲೆಯ ಎರಡು ಪದರಗಳ ನಡುವೆಯೇ ಹಸಿರು ತಿನ್ನುತ್ತಾ ಸುರಂಗ ಕೊರೆಯುತ್ತದೆ, ಬೆಳೆದ ಮೇಲೆ ಮಣ್ಣಿಗೆ ಬಿದ್ದು ಕೋಶವಾಗುತ್ತದೆ. ಎಲೆಯೊಳಗೆ ಇರುವುದರಿಂದ ಮೇಲೆ ಹೊಡೆದ ಬಹುಪಾಲು ಔಷಧಿ ಅದಕ್ಕೆ ತಾಕುವುದೇ ಇಲ್ಲ. ಆದರೆ ಅದರ ಶತ್ರುಗಳಾದ ಸಾಸಿವೆಗಿಂತ ಸಣ್ಣ ಪರತಂತ್ರ ಕಣಜಗಳು ಎಲೆಯ ಹೊರಗೇ ಓಡಾಡುತ್ತವೆ. ಔಷಧಿ ಮೊದಲು ಕೊಲ್ಲುವುದು ಅವನ್ನೇ. ಹಲವು ದೇಶಗಳ ಹೂತೋಟಗಳಲ್ಲಿ ಈ ಹುಳುವಿನ ಹಾವಳಿ ಔಷಧಿ ಹೆಚ್ಚಾದಷ್ಟೂ ಹೆಚ್ಚಿದ್ದು ಇದೇ ಕಾರಣಕ್ಕೆ. ಮನೆಯ ಸಸಿಗೆ ಪರಿಹಾರ ಸುಲಭ: ಸುರಂಗ ಮೊದಲು ಕಾಣುವುದು ಬೀಜದೆಲೆ ಅಥವಾ ಕೆಳಗಿನ ಎಲೆಯಲ್ಲಿ. ಮೇಲೆ ಬೇರೆ ಎಲೆಗಳಿದ್ದರೆ ಅದನ್ನು ಚಿವುಟಿ, ಕಸದ ಬುಟ್ಟಿಗೆ ಹಾಕದೆ, ಬಿಗಿಯಾಗಿ ಕಟ್ಟಿದ ಚೀಲದಲ್ಲಿಟ್ಟು ಬಿಸಿಲಿಗೆ ಹಾಕಿ.

ಸುಳಿ ಮುದುರಿದೆ, ಎಳೆಯ ಎಲೆ ದೋಣಿಯಂತೆ ಮೇಲಕ್ಕೆ ಮಡಚಿದೆ, ಅಡಿಯಲ್ಲಿ ಬೆಳ್ಳಿ ಬಣ್ಣದ ಕಲೆಗಳಿವೆ ಎಂದಾದರೆ ಅದು ಥ್ರಿಪ್ಸ್ ನುಸಿ. ಸಸಿಯನ್ನು ಬಿಳಿ ಕಾಗದದ ಮೇಲೆ ಹಿಡಿದು ಮೆಲ್ಲಗೆ ತಟ್ಟಿದರೆ ಒಂದು ಮಿಲಿಮೀಟರ್ ಉದ್ದದ ಗೆರೆಗಳು ಓಡಾಡುವುದು ಕಾಣುತ್ತದೆ. ಸಸಿಯ ಹಂತದಲ್ಲಿ ನಾನು ಅತಿ ಹೆಚ್ಚು ಹೆದರುವುದು ಇದಕ್ಕೆ, ಇರುವ ಒಂದೇ ಸುಳಿಗೆ ಇದು ಕೈಹಾಕುತ್ತದೆ. ಇದರಲ್ಲೂ ಹೊಸಬರು ಬರುತ್ತಲೇ ಇದ್ದಾರೆ. ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಆಗ್ನೇಯ ಏಷ್ಯಾದ ಜಾತಿ ಭಾರತದಲ್ಲಿ ಮೊದಲು ವರದಿಯಾದದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿ ಗಿಡದ ಮೇಲೆ. ಮುಂದೆ ಡೇರೆ ಗಿಡದಲ್ಲೂ ಕಂಡಿತು. 2021ರಲ್ಲಿ ದಕ್ಷಿಣದ ಮೆಣಸಿನಕಾಯಿ ಹೊಲಗಳನ್ನು ಹಾಳುಗೆಡವಿದ್ದು ಇದೇ. ಒಣಹವೆ ಇದಕ್ಕೆ ಹಿತ, ಜೋರು ಮಳೆ ಇದಕ್ಕೆ ಶತ್ರು. ಹಾಗಾಗಿ ಬೇಸಿಗೆಯಲ್ಲಿ ಸಸಿ ಬೆಳೆಸುವವರು ಬೆಳಗಿನ ಹೊತ್ತು ಸಣ್ಣ ಹನಿಯ ನೀರನ್ನು ಎಲೆಯ ಅಡಿಗೂ ತಾಗುವಂತೆ ಚಿಮುಕಿಸಿದರೆ ಅರ್ಧ ಕೆಲಸ ಆಗುತ್ತದೆ. ನೀಲಿ ಬಣ್ಣದ ಅಂಟುಹಾಳೆ ತೂಗುಹಾಕಿದರೆ ಇವು ಬಂದಿವೆಯೇ ಎಂದು ಮೊದಲೇ ಗೊತ್ತಾಗುತ್ತದೆ. ಬಿಳಿನೊಣಕ್ಕಾದರೆ ಹಳದಿ ಹಾಳೆ.

ಸಸ್ಯಹೇನು ಎಲ್ಲರಿಗೂ ಗೊತ್ತಿರುವುದೇ. ಗಂಡಿನ ಹಂಗಿಲ್ಲದೆ ಮರಿ ಹಾಕುವ, ಹುಟ್ಟಿದ ಮರಿಯ ಹೊಟ್ಟೆಯಲ್ಲೇ ಮುಂದಿನ ಪೀಳಿಗೆ ಬೆಳೆಯುತ್ತಿರುವ ಜೀವ ಅದು. ಕೆಲವೇ ವಾರಗಳಲ್ಲಿ ಒಂದು ನೂರಾಗುವುದರಲ್ಲಿ ಆಶ್ಚರ್ಯವಿಲ್ಲ. ಅದನ್ನು ಕರೆತರುವುದು ಹೆಚ್ಚಾಗಿ ನಾವೇ. ಬೇಗ ಬೆಳೆಯಲಿ ಎಂದು ಯೂರಿಯಾ ಕೊಟ್ಟ ಸಸಿಯ ರಸದಲ್ಲಿ ಸಾರಜನಕ ಹೆಚ್ಚಿ, ಹೇನು ಇನ್ನಷ್ಟು ವೇಗವಾಗಿ ಮರಿ ಹಾಕುತ್ತದೆ. ಜೊತೆಗೆ ಇರುವೆಯ ಸಾಲು ಇದ್ದರೆ ಸಮಸ್ಯೆ ದುಪ್ಪಟ್ಟು. ಹೇನು ಸ್ರವಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ತಿನ್ನಲು ಬಂದ ಗುಲಗಂಜಿ ಹುಳುವನ್ನು ಅಟ್ಟುತ್ತವೆ. ಹಿಂದೆ ಹಾಲು ತುಪ್ಪದ ಬೀರುವಿನ ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲು ಇಡುತ್ತಿದ್ದರಲ್ಲ, ಸಸಿಯ ತಟ್ಟೆ ಇಟ್ಟ ಸ್ಟೂಲಿಗೂ ಅದನ್ನೇ ಮಾಡಿ. ಇರುವೆಯ ದಾರಿ ಮುಚ್ಚಿದರೆ ಹೇನಿನ ಕಾವಲು ತಪ್ಪುತ್ತದೆ, ಬಿತ್ತಿದ ಬೀಜವನ್ನು ಇರುವೆ ಹೊತ್ತುಕೊಂಡು ಹೋಗುವುದೂ ನಿಲ್ಲುತ್ತದೆ. ಸೊಳ್ಳೆ ಬತ್ತಿಯ ದಪ್ಪದ ನೀರಿನ ಧಾರೆ ಹೇನನ್ನು ತೊಳೆದುಹಾಕುತ್ತದೆ, ಕೆಳಗೆ ಬಿದ್ದವುಗಳಲ್ಲಿ ಮತ್ತೆ ಹತ್ತುವವು ಕಡಿಮೆ. ಎಲೆಯ ಮೇಲೆ ಕಂದುಬಣ್ಣಕ್ಕೆ ತಿರುಗಿ ಉಬ್ಬಿ ಅಲುಗಾಡದೆ ಕೂತ ಹೇನುಗಳು ಕಂಡರೆ ಮಾತ್ರ ಕೈ ತಡೆಯಿರಿ, ಅವುಗಳೊಳಗೆ ಪರತಂತ್ರ ಕಣಜದ ಮರಿ ಬೆಳೆಯುತ್ತಿದೆ. ಕಪ್ಪು ಮೈ, ಕಿತ್ತಳೆ ಚುಕ್ಕೆ, ಆರು ಕಾಲಿನ ಉದ್ದನೆಯ ಹುಳು ಹೇನುಗಳ ನಡುವೆ ಓಡಾಡುತ್ತಿದ್ದರೆ ಅದೂ ಶತ್ರುವಲ್ಲ, ಗುಲಗಂಜಿ ಹುಳುವಿನ ಮರಿ. ಎಷ್ಟೋ ಜನ ಅದನ್ನೇ ಮೊದಲು ಹೊಸಕಿ ಹಾಕುತ್ತಾರೆ.

ತೆಂಗಿನ ನಾರಿನ ಪುಡಿಯಲ್ಲಿ ಸಸಿ ಬೆಳೆಸುವವರಿಗೆ ಇನ್ನೊಂದು ಕಾಟ ಇದೆ: ತಟ್ಟೆ ಅಲುಗಿಸಿದರೆ ಹಾರುವ ಸಣ್ಣ ಕಪ್ಪು ನೊಣಗಳು. ಅವುಗಳ ಮರಿಗಳು ಎಳೆಬೇರು ತಿನ್ನುತ್ತವೆ. ನೀರು ಕಡಿಮೆ ಮಾಡಿ ಮೇಲ್ಪದರ ಒಣಗಲು ಬಿಟ್ಟರೆ ಅವು ತಾವಾಗಿ ಇಳಿಯುತ್ತವೆ.

ಇಷ್ಟೆಲ್ಲ ಶತ್ರುಗಳ ಪಟ್ಟಿ ಓದಿದ ಮೇಲೆ ಔಷಧಿಯ ಅಂಗಡಿ ನೆನಪಾಗುವುದು ಸಹಜ. ಹೂವಿನ ಸಸಿಯ ವಿಷಯದಲ್ಲಿ ನಮ್ಮ ಪರವಾಗಿರುವ ಒಂದು ಸಂಗತಿಯನ್ನು ಮರೆಯಬಾರದು, ಅಪಾಯದ ಅವಧಿ ಚಿಕ್ಕದು. ಮೂರು ನಾಲ್ಕು ವಾರ, ಹೆಚ್ಚೆಂದರೆ ಐದು. ಇಷ್ಟು ಚಿಕ್ಕ ಅವಧಿಗೆ ವಿಷಕ್ಕಿಂತ ಪರದೆ ಲೇಸು. ವೃತ್ತಿಪರ ನರ್ಸರಿಗಳು 40 ಅಥವಾ 50 ಮೆಶ್ಶಿನ ನೈಲಾನ್ ಬಲೆಯೊಳಗೆ, 98 ಗುಳಿಗಳ ತಟ್ಟೆಯಲ್ಲಿ ಸಸಿ ಬೆಳೆಸುವುದು ಇದಕ್ಕಾಗಿಯೇ. ಮನೆಯಲ್ಲಿ ಬಿದಿರುಕಡ್ಡಿ ಬಗ್ಗಿಸಿ ಗೂಡು ಮಾಡಿ, ಅದರ ಮೇಲೆ ಸೊಳ್ಳೆಪರದೆ ಹೊದಿಸಿದರೆ ಮಿಡತೆ, ಪತಂಗ, ಚಿಟ್ಟೆ ಹೊರಗೆ ಉಳಿಯುತ್ತವೆ. ಬಿಳಿನೊಣಕ್ಕೆ ಆ ತೂತು ದೊಡ್ಡದಾಯಿತು, ಅದಕ್ಕೆ ಹಳೆಯ ತೆಳು ವಾಯಿಲ್ ಸೀರೆಯೇ ಒಳ್ಳೆಯದು. ಥ್ರಿಪ್ಸ್ ಅದರಲ್ಲೂ ತೂರಬಲ್ಲದು, ಎಲ್ಲವನ್ನೂ ತಡೆಯುವ ಬಟ್ಟೆ ಗಾಳಿಯನ್ನೂ ತಡೆಯುತ್ತದೆ. ಅಂಚನ್ನು ಮಣ್ಣು ಅಥವಾ ಇಟ್ಟಿಗೆಯಿಂದ ಮುಚ್ಚಬೇಕು.

ಪರದೆ ಹಾಕುವ ಮೊದಲು ಒಳಗಿನ ಮಣ್ಣು ಶುದ್ಧವಿರಬೇಕು. ಹಳೆಯ ಕುಂಡದ ಮಣ್ಣಿನಲ್ಲಿ ಕೋಶವಿದ್ದರೆ, ಪರದೆಯೊಳಗೆ ಹುಟ್ಟಿದ ಕೀಟಕ್ಕೆ ಹಕ್ಕಿಯ ಭಯವಿಲ್ಲ, ಕಣಜದ ಭಯವಿಲ್ಲ, ನೀವೇ ಅದಕ್ಕೆ ಕೋಟೆ ಕಟ್ಟಿಕೊಟ್ಟಂತೆ. ಮಾರ್ಚ್‌ನಿಂದ ಮೇವರೆಗಿನ ನಮ್ಮ ಬಿಸಿಲು ಇದಕ್ಕೆ ಪುಕ್ಕಟೆ ಮದ್ದು. ಒದ್ದೆ ಮಣ್ಣನ್ನು ತೆಳುವಾಗಿ ಹರಡಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ ನಾಲ್ಕರಿಂದ ಆರು ವಾರ ಬಿಡಿ. ಇಸ್ರೇಲಿನ ವಿಜ್ಞಾನಿ ಯಾಕೊವ್ ಕಟಾನ್ ಮತ್ತು ಜೊತೆಗಾರರು 1976ರಲ್ಲಿ ಪ್ರಕಟಿಸಿದ ಈ ವಿಧಾನ ಕೊಳೆರೋಗದ ಶಿಲೀಂಧ್ರ, ಕಳೆಬೀಜ, ಕೀಟದ ಕೋಶ ಎಲ್ಲವನ್ನೂ ಒಟ್ಟಿಗೆ ತಗ್ಗಿಸುತ್ತದೆ. ಇನ್ನೊಂದು ಮಾತು: ಮೊಗ್ಗು ಕಂಡ ದಿನ ಪರದೆ ತೆಗೆಯಿರಿ. ಆಮೇಲೆ ಗಿಡಕ್ಕೆ ಜೇನು ಬೇಕು, ಜೇನಿಗೆ ಗಿಡ ಬೇಕು.

ಸಿಂಪಡಿಸಲೇಬೇಕಾದಾಗ ಬೇವು ಇದೆ. 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ತಿರುಳನ್ನು ನೀರಿನಲ್ಲಿ ಕದಡಿ ಬೆಳೆಗೆ ಸಿಂಪಡಿಸಿದಾಗ, ಮೇಲೆ ಇಳಿದ ಮಿಡತೆಗಳು ಎಲೆ ಮುಟ್ಟದೆ ಹೋದವು. ಬೇವು ತಕ್ಷಣ ಕೊಲ್ಲುವುದಿಲ್ಲ. ಹುಳುವಿನ ಹಸಿವು ಕೆಡಿಸುತ್ತದೆ, ಪೊರೆ ಬಿಡುವುದನ್ನು ತಪ್ಪಿಸುತ್ತದೆ. ಮರುದಿನವೇ ಹುಳು ಸಾಯಲಿಲ್ಲ ಎಂದು ಬೇವನ್ನು ಬಯ್ಯುವುದು ಸರಿಯಲ್ಲ. ಎಳೆ ಸಸಿಗೆ ಲೀಟರ್ ನೀರಿಗೆ 2 ಮಿಲಿಲೀಟರ್ ಬೇವಿನ ಎಣ್ಣೆ ಸಾಕು, ಬೆರೆಯಲು ಸ್ವಲ್ಪ ಮೃದು ಸಾಬೂನು ಹಾಕಿ. ಡಿಟರ್ಜೆಂಟ್ ಪುಡಿ ಬೇಡ, ಅದು ಎಲೆ ಸುಡುತ್ತದೆ. ಮೊದಲು ಒಂದೇ ಸಸಿಗೆ ಹೊಡೆದು ಎರಡು ದಿನ ನೋಡಿ. ಬಿಸಿಲಿಗೆ ಬೇವಿನ ಸತ್ವ ಬೇಗ ಕೆಡುವುದರಿಂದ ಸಂಜೆಯೇ ಸರಿಯಾದ ಹೊತ್ತು. ಎಣ್ಣೆ ಬೆರೆಸುವ ರಗಳೆ ಬೇಡವೆಂದರೆ ಹೆಸರಘಟ್ಟದ ಸಂಸ್ಥೆಯೇ ರೂಪಿಸಿದ ಬೇವಿನ ಸಾಬೂನು, ಹೊಂಗೆ ಸಾಬೂನು ಸಿಗುತ್ತವೆ. ಅಜ್ಜಿಯರ ಕಾಲದ ಒಲೆಬೂದಿಯೂ ಕೆಲಸ ಮಾಡುತ್ತದೆ, ಎಲೆ ಒಣಗಿರುವವರೆಗೆ ಮಾತ್ರ. ಮಳೆ ಬಿದ್ದರೆ ತೊಳೆದುಹೋಗುತ್ತದೆ, ಹೆಚ್ಚಾದರೆ ಮಣ್ಣಿನ ಕ್ಷಾರ ಏರುತ್ತದೆ.

ಎಲೆ ತಿನ್ನುವ ಕಂಬಳಿಹುಳು, ತಂಬಾಕು ಹುಳುಗಳಿಗೆ ‘ಬಿಟಿ’ ಎಂಬ ಬ್ಯಾಕ್ಟೀರಿಯಾದ ಪುಡಿಯನ್ನು ಅಂತರ್ಜಾಲದ ತೋಟಗಾರರೆಲ್ಲ ಹೊಗಳುತ್ತಾರೆ. ಜೇನಿಗೆ, ಮನುಷ್ಯರಿಗೆ ಅದರಿಂದ ಅಪಾಯವಿಲ್ಲ ಎಂಬುದು ನಿಜ. ಆದರೆ ಕರ್ನಾಟಕದಲ್ಲಿ ಕೂತು ಅದನ್ನು ಬಳಸುವವರು ಅದರ ಹುಟ್ಟನ್ನು ತಿಳಿದಿರಬೇಕು. 1901ರಲ್ಲಿ ಜಪಾನಿನ ಇಶಿವಾತಾ ಈ ಬ್ಯಾಕ್ಟೀರಿಯಾವನ್ನು ಮೊದಲು ಕಂಡದ್ದು ಸತ್ತ ರೇಷ್ಮೆಹುಳುಗಳಲ್ಲಿ! ಪತಂಗದ ಜಾತಿಯ ಹಲವು ಮರಿಗಳನ್ನು ಕೊಲ್ಲುವ ಮದ್ದಿಗೆ ರೇಷ್ಮೆಹುಳು ಬೇರೆ, ಕತ್ತರಿಹುಳು ಬೇರೆ ಎಂಬ ಭೇದವಿಲ್ಲ. ಚಿಕ್ಕಬಳ್ಳಾಪುರ, ಕೋಲಾರ, ರಾಮನಗರದ ಕಡೆ ಹೂವಿನ ಹೊಲದ ಬದುವಿನಾಚೆಗೇ ಹಿಪ್ಪುನೇರಳೆ ತೋಟ ಇರುತ್ತದೆ. ಗಾಳಿಯಲ್ಲಿ ತೇಲಿದ ಸಿಂಪಡಣೆ ಸೊಪ್ಪಿನ ಮೇಲೆ ಕೂತರೆ ಪಕ್ಕದ ಮನೆಯ ಚಂದ್ರಂಕಿಯಲ್ಲಿ ಗೂಡು ಕಟ್ಟಬೇಕಾದ ಹುಳುಗಳು ಸಾಯುತ್ತವೆ. ಹಿಪ್ಪುನೇರಳೆ ಹತ್ತಿರವಿದ್ದಲ್ಲಿ ಬಿಟಿ ಬೇಡವೇ ಬೇಡ, ಬೇವಿನ ಸಿಂಪಡಣೆಗೂ ಅದೇ ಎಚ್ಚರ ಇರಲಿ.

ಇದಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಸಸಿಯ ಬುಡಕ್ಕೆ ಸುರಿಯುವ ಅಂತರ್ವ್ಯಾಪಿ ಕೀಟನಾಶಕಗಳು. ಇಮಿಡಾಕ್ಲೋಪ್ರಿಡ್‌ನಂಥ ನಿಯೊನಿಕೊಟಿನಾಯ್ಡ್ ಔಷಧಿ ಬೇರಿನಿಂದ ಏರಿ ಇಡೀ ಗಿಡದಲ್ಲಿ ಹರಡುತ್ತದೆ. ಹೇನು, ಬಿಳಿನೊಣ ಸಾಯುತ್ತವೆ, ನಿಜ. ಆದರೆ ಸಸಿಯಲ್ಲಿ ಕೊಟ್ಟ ವಿಷ ಮುಂದೆ ಆ ಗಿಡದ ಪರಾಗಕ್ಕೂ ಮಕರಂದಕ್ಕೂ ಬರಬಹುದು, ಜೇನು ಅದನ್ನೇ ಗೂಡಿಗೆ ಒಯ್ಯುತ್ತದೆ. ಯುರೋಪಿಯನ್ ಒಕ್ಕೂಟ 2018ರಲ್ಲಿ ಇಂಥ ಮೂರು ಔಷಧಿಗಳನ್ನು ಬಯಲಿನಲ್ಲಿ ಬಳಸುವುದನ್ನು ನಿಷೇಧಿಸಿತು. ನೋಡಲಿಕ್ಕೆಂದು, ದೇವರಿಗೆಂದು, ಮುಡಿಯಲಿಕ್ಕೆಂದು ಬೆಳೆಯುವ ಹೂವಿನಲ್ಲಿ ಜೇನಿಗೆ ವಿಷವಿಡುವ ಅಗತ್ಯ ಯಾವ ಮನೆಗೂ ಇಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಮಣ್ಣಿಗೆ ಬೆರೆಸುವ ಫೋರೇಟ್ ಗುಳಿಗೆ, ಮನೆಮನೆಯಲ್ಲಿ ಇರುತ್ತಿದ್ದ ಡೈಕ್ಲೋರ್‌ವಾಸ್ ಎರಡನ್ನೂ ಕೇಂದ್ರ ಸರ್ಕಾರ 2018ರ ಆದೇಶದ ಮೂಲಕ 2020ರ ಡಿಸೆಂಬರ್ 31ರಿಂದ ನಿಷೇಧಿಸಿದೆ. ಹಿತ್ತಲ ಅಟ್ಟದಲ್ಲಿ ಹಳೆಯ ಪೊಟ್ಟಣ ಉಳಿದಿದ್ದರೆ ಗಿಡಕ್ಕೆ ಹಾಕಬೇಡಿ, ಚರಂಡಿಗೂ ಸುರಿಯಬೇಡಿ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ, ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಲೇವಾರಿಯ ದಾರಿ ಕೇಳಿ.

ಕೊನೆಯದಾಗಿ, ಬಿತ್ತದೆ ಸಸಿ ಕೊಂಡು ತರುವವರಿಗೆ. ಎಷ್ಟೋ ತೋಟಗಳಿಗೆ ಕೀಟ ಹಾರಿ ಬರುವುದಿಲ್ಲ, ನರ್ಸರಿಯ ಚೀಲದಲ್ಲಿ ಕೂತು ಬರುತ್ತದೆ. ಹೂವಿನ ಬಣ್ಣ ನೋಡಿ ಮರುಳಾಗುವ ಮೊದಲು ಎಲೆ ತಿರುಗಿಸಿ ಅಡಿ ನೋಡಿ, ಸುಳಿ ಬಿಡಿಸಿ ನೋಡಿ, ಚೀಲದ ಮಣ್ಣಿನ ಮೇಲೆ ಬಸವನಹುಳುವಿನ ಬಿಳಿ ಮೊಟ್ಟೆಗಳಿವೆಯೇ ಗಮನಿಸಿ. ಬುಡಕ್ಕೆ ಏನಾದರೂ ಔಷಧಿ ಹಾಕಿದ್ದಾರೆಯೇ ಎಂದು ಕೇಳಿ, ಕೇಳಲು ಸಂಕೋಚ ಬೇಡ. ತಂದ ಸಸಿಯನ್ನು ನೇರವಾಗಿ ಪಾತಿಗೆ ಇಳಿಸದೆ ಒಂದು ವಾರ ಬೇರೆಯಾಗಿಟ್ಟು, ದಿನಾ ಬೆಳಗ್ಗೆ ಒಮ್ಮೆ, ರಾತ್ರಿ ಟಾರ್ಚ್ ಹಿಡಿದು ಒಮ್ಮೆ ನೋಡಿ, ಆಮೇಲೆ ನೆಡಿ.